ಅಳೆದು ನೋಡಿದ ಮೇಲೆ ಕೈಹಾಕುವವರು: ವಾಷಿಂಗ್ ಮೆಷಿನ್ ದುರಸ್ತಿ ಸೇವೆಯೊಂದರ ವಿಮರ್ಶೆ

ವಾಷಿಂಗ್ ಮೆಷಿನ್ ಕೆಟ್ಟಿತೆಂದರೆ ಬೆಂಗಳೂರಿನಲ್ಲಿ ದುರಸ್ತಿಗೆ ಬರುವವರಿಗೇನೂ ಕೊರತೆಯಿಲ್ಲ. ಕೆಟ್ಟಿರುವುದು ಯಾವುದೆಂದು ಮೀಟರಿನಿಂದ ಅಳೆದು, ಆ ಅಳತೆಯನ್ನು ಮನೆಯವರಿಗೂ ತೋರಿಸಿ, ಆಮೇಲಷ್ಟೇ ಬೆಲೆ ಹೇಳುವವರು ಮಾತ್ರ ಅಪರೂಪ. ಯಲಹಂಕದ ಆಚೆ, ದೊಡ್ಡಬಳ್ಳಾಪುರದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿರುವ ನಮ್ಮ ಬಡಾವಣೆಯಲ್ಲಿ ಅಂಥ ಒಂದು ಸಣ್ಣ ಅಂಗಡಿಯಿದೆ. ಹಿರಿಯ ಮೆಕ್ಯಾನಿಕ್ ಒಬ್ಬರು, ಅವರ ಬಳಿ ಕೆಲಸ ಕಲಿಯುತ್ತಿರುವ ಹುಡುಗನೊಬ್ಬ, ಇಷ್ಟೇ ಅದರ ಬಳಗ. ಅವರ ಸೇವೆಯ ಬಗ್ಗೆ ವಿವರವಾಗಿ ಬರೆಯಬೇಕೆನಿಸಿದ್ದಕ್ಕೆ ಕಾರಣವಿದೆ. ನಮ್ಮ ಮೆಷಿನ್ನಿನಲ್ಲಿ ಅವರು ಪತ್ತೆ ಮಾಡಿದ ದೋಷ ಗಡಸು ನೀರಿರುವ ಯಾವ ಮನೆಯಲ್ಲಿ ಬೇಕಾದರೂ ಬರುವಂಥದ್ದು, ಸುಲಭವಾಗಿ ಬೇರೇನೋ ಎಂದು ತಿಳಿದುಬಿಡುವಂಥದ್ದು ಮತ್ತು ಅಲಕ್ಷ್ಯ ಮಾಡಿದರೆ ಜೀವಕ್ಕೇ ಎರವಾಗುವಂಥದ್ದು.

ನಮ್ಮದು ಮುಂಬದಿಯಿಂದ ಬಟ್ಟೆ ಹಾಕುವ, ಒಳಗೇ ನೀರು ಕಾಯಿಸುವ ಹೀಟರ್ ಇರುವ ಮೆಷಿನ್. ವಾರಂಟಿ ಮುಗಿದಿದೆ. ತೊಂದರೆ ಕಾಣಿಸಿಕೊಂಡ ಬಗೆ ಹೀಗಿತ್ತು: ಬಟ್ಟೆ ಹಾಕಿ ಗುಂಡಿ ಒತ್ತಿದರೆ ಬಾಗಿಲು ಲಾಕ್ ಆಗುತ್ತಿತ್ತು, ನೀರು ತುಂಬುತ್ತಿತ್ತು, ಡ್ರಮ್ಮು ತಿರುಗಲು ಶುರುವಾಗುತ್ತಿತ್ತು, ಸ್ವಲ್ಪ ಹೊತ್ತಿನಲ್ಲಿ ಇಡೀ ಮನೆಯ ಕರೆಂಟು ಹೋಗುತ್ತಿತ್ತು. ಮೀಟರ್ ಪೆಟ್ಟಿಗೆಯ ಪಕ್ಕದ ಬೋರ್ಡಿನಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನಾಗಿಯೇ ಆರುವ ಸುರಕ್ಷತಾ ಸ್ವಿಚ್ಚು, ಕೆಳಗೆ ಬಿದ್ದಿರುತ್ತಿತ್ತು. ಮತ್ತೆ ಎತ್ತಿದರೆ ನಿಲ್ಲುತ್ತಿತ್ತು. ಮೆಷಿನ್ ಅಲ್ಲಿಂದ ಮುಂದೆ ಒಂದಷ್ಟು ನಡೆದು ಮತ್ತೆ ಬೀಳಿಸುತ್ತಿತ್ತು.

ಮೊದಲು ಕರೆದದ್ದು ತಯಾರಿಕಾ ಕಂಪನಿಯ ಅಧಿಕೃತ ಸೇವಾ ಕೇಂದ್ರದವರನ್ನು. ಬಂದ ತಂತ್ರಜ್ಞರು ಮೇಲಿನ ಮುಚ್ಚಳ ಬಿಚ್ಚಿ ಒಳಗೆ ಇಣುಕಿ, ಮೆಷಿನ್ನನ್ನು ಒಮ್ಮೆ ಓಡಿಸಿ ನೋಡಿ, ಮುಖ್ಯ ಪಿಸಿಬಿ (ಮೆಷಿನ್ನನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡು) ಹೋಗಿದೆ, ₹7,800 ಆಗುತ್ತದೆ ಎಂದು ಬರೆದುಕೊಟ್ಟರು. ಚೀಲದಲ್ಲಿ ಮೀಟರ್ ಇತ್ತು, ಅದನ್ನು ಹೊರತೆಗೆಯಲಿಲ್ಲ. ಆಮೇಲೆ ಬಂದ ವೈರಿಂಗ್ ಕೆಲಸದವರೊಬ್ಬರು ಇನ್ನೂ ಸುಲಭದ ದಾರಿ ಹೇಳಿದರು: ಆರ್‌ಸಿಸಿಬಿಯನ್ನೇ ತೆಗೆದು ನೇರ ಲೈನ್ ಕೊಟ್ಟರೆ ಟ್ರಿಪ್ ಆಗುವುದು ನಿಲ್ಲುತ್ತದಂತೆ. ನಿಲ್ಲುವುದೇನೋ ನಿಜ. ಆದರೆ ಆ ಸಲಹೆ ಎಷ್ಟು ಭಯಂಕರವಾದದ್ದೆಂಬುದನ್ನು ಇಲ್ಲಿ ಬಿಡಿಸಿ ಹೇಳದೆ ಮುಂದೆ ಹೋಗಲಾರೆ.

ಎಂಸಿಬಿ ಮತ್ತು ಆರ್‌ಸಿಸಿಬಿ ನೋಡಲು ಅಕ್ಕತಂಗಿಯರಂತೆ ಒಂದೇ ಪೆಟ್ಟಿಗೆಯಲ್ಲಿ ಕುಳಿತಿದ್ದರೂ ಅವುಗಳ ಕೆಲಸ ಬೇರೆ. ಲೋಡ್ ಹೆಚ್ಚಾದಾಗ ಅಥವಾ ಶಾರ್ಟ್ ಆದಾಗ ಎಂಸಿಬಿ ಬೀಳುತ್ತದೆ. ಅದು ಕಾಯುವುದು ಮುಖ್ಯವಾಗಿ ತಂತಿಯನ್ನು. ಆರ್‌ಸಿಸಿಬಿ ಫೇಸಿನಲ್ಲಿ ಹೋದ ಕರೆಂಟಿಗೂ ನ್ಯೂಟ್ರಲಿನಲ್ಲಿ ಮರಳಿದ ಕರೆಂಟಿಗೂ ಇರುವ ವ್ಯತ್ಯಾಸವನ್ನು ಸದಾ ನೋಡುತ್ತಿರುತ್ತದೆ. ಹೋದದ್ದೆಲ್ಲ ಮರಳಲಿಲ್ಲವೆಂದರೆ ನಡುವೆ ಎಲ್ಲೋ ಭೂಮಿಗೆ ಸೋರುತ್ತಿದೆ ಎಂದರ್ಥ, ಮತ್ತು ಆ ಸೋರುವ ದಾರಿ ಮನುಷ್ಯನ ಮೈಯೇ ಆಗಿರಬಹುದು. ಮನೆಗಳಲ್ಲಿ ಜೀವರಕ್ಷಣೆಗೆಂದು ಹಾಕುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಅದು 15ರಿಂದ 30 ಮಿಲಿಆಂಪಿಯರಿನ ನಡುವೆ ಎಲ್ಲಾದರೂ ಬೀಳುವಂತೆ ರೂಪಿಸಲ್ಪಟ್ಟಿರುತ್ತದೆ. ನೀರು, ಲೋಹದ ಕವಚ, ಒದ್ದೆ ಕೈ, ಬರಿಗಾಲು ಇವೆಲ್ಲ ಒಟ್ಟಿಗೆ ಸೇರುವ ಜಾಗದಲ್ಲಿ ಅದನ್ನು ತೆಗೆದುಹಾಕಿ ಎನ್ನುವವರನ್ನು ಮನೆಯ ವೈರಿಂಗಿನ ಹತ್ತಿರವೂ ಬಿಡಬಾರದು.

ಈ ಅಂಗಡಿಗೆ ಫೋನ್ ಮಾಡಿದಾಗ ಹಿರಿಯರು ಮೊದಲು ಕೇಳಿದ್ದು ಮೆಷಿನ್ನಿನ ಕಂಪನಿಯ ಹೆಸರನ್ನಲ್ಲ. ಬೀಳುತ್ತಿರುವುದು ಎಂಸಿಬಿಯೋ, ಪರೀಕ್ಷೆಯ ಗುಂಡಿ ಇರುವ ಅಗಲದ ಸ್ವಿಚ್ಚೋ ಎಂದು ಕೇಳಿದರು. ಪ್ಲಗ್ ಹಾಕಿದ ಕೂಡಲೇ ಬೀಳುತ್ತದೋ, ನೀರು ತುಂಬುವಾಗಲೋ, ಡ್ರಮ್ ತಿರುಗಲು ತೊಡಗಿದ ಮೇಲೋ, ಇಲ್ಲ ನೀರು ಹೊರಹಾಕುವಾಗಲೋ ಎಂದು ಒಂದೊಂದಾಗಿ ವಿಚಾರಿಸಿದರು. ಕೊನೆಗೆ, ಬಿಸಿ ಇಲ್ಲದೆ ತಣ್ಣೀರಿನ ಪ್ರೋಗ್ರಾಮಿನಲ್ಲಿ ಒಮ್ಮೆ ಓಡಿಸಿ ಏನಾಗುತ್ತದೆ ನೋಡಿ ಹೇಳಿ ಎಂದರು. ತಣ್ಣೀರಿನಲ್ಲಿ ಮೆಷಿನ್ ಒಂದು ಬಾರಿಯೂ ಟ್ರಿಪ್ ಮಾಡದೆ ಹಿಂಡುವವರೆಗೂ ನಡೆಯಿತು. ಮನೆಗೆ ಕಾಲಿಡುವ ಮುನ್ನವೇ ಅರ್ಧ ದೋಷಪತ್ತೆ ಅಲ್ಲಿಗೆ ಮುಗಿದಿತ್ತು. ಮೋಟರ್, ನೀರು ಬಿಡುವ ವಾಲ್ವು, ಡ್ರೈನ್ ಪಂಪು, ಬಾಗಿಲಿನ ಲಾಕು ಎಲ್ಲವೂ ತಣ್ಣೀರಿನಲ್ಲೂ ಕೆಲಸ ಮಾಡಲೇಬೇಕಾದವು. ಮಾಡದೆ ಸುಮ್ಮನಿರುವುದು ಹೀಟರ್ ಒಂದೇ.

ಆದರೂ ಬಂದವರು ನೇರವಾಗಿ ಹೀಟರಿಗೆ ಕೈಹಾಕಲಿಲ್ಲ ಎಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಮೊದಲು 16 ಆಂಪಿಯರಿನ ಸಾಕೆಟ್ಟನ್ನು ಪರೀಕ್ಷಿಸಿದರು: ಫೇಸಿಗೂ ನ್ಯೂಟ್ರಲಿಗೂ ನಡುವೆ 228 ವೋಲ್ಟ್, ಫೇಸಿಗೂ ಅರ್ಥಿಗೂ 226, ನ್ಯೂಟ್ರಲಿಗೂ ಅರ್ಥಿಗೂ 2. ಪ್ಲಗ್ಗಿನ ದಪ್ಪ ಪಿನ್ನಿನಿಂದ ಮೆಷಿನ್ನಿನ ಲೋಹದ ಮೈವರೆಗೆ ತಂತಿ ಕಡಿದಿಲ್ಲವೆಂಬುದನ್ನೂ ನೋಡಿಕೊಂಡರು. ಬಳಿಕ ನನ್ನ ತಾಯಿ ಸಾಕೆಟ್ಟಿನ ಸ್ವಿಚ್ಚನ್ನು ಆರಿಸಿ "ಈಗ ಬಿಚ್ಚಬಹುದಲ್ಲ" ಎಂದಾಗ ಅವರು ತಡೆದು, "ಸ್ವಿಚ್ ಆರಿಸಿದ್ರೆ ಸಾಲದು ಅಮ್ಮಾ, ಪ್ಲಗ್ಗನ್ನೇ ಕೀಳಬೇಕು. ಸ್ವಿಚ್ಚು ಒಂದೇ ತಂತೀನ ಕಡಿಯೋದು, ಇನ್ನೊಂದು ಹಂಗೇ ಇರುತ್ತೆ" ಎಂದರು. ಹಳೆಯ ವೈರಿಂಗಿನ ಮನೆಗಳಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುವುದು ಉಂಟು. ಅಂಥಲ್ಲಿ ಸ್ವಿಚ್ ಆರಿಸಿದ್ದರೂ ಮೆಷಿನ್ನಿನೊಳಗೆ 230 ವೋಲ್ಟ್ ನಿಂತೇ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಬೋರ್ಡಿನ ಕೆಪಾಸಿಟರುಗಳು ಖಾಲಿಯಾಗಲೆಂದು ಸ್ವಲ್ಪ ಹೊತ್ತು ಕಾದರು. ಕೆಲಸ ಕಲಿಯುವ ಹುಡುಗನ ಕಣ್ಣೆದುರಿಗೆ ಈ ಶಿಸ್ತು ತಪ್ಪದೆ ನಡೆಯುವುದನ್ನು ಕಂಡು ನಿಜವಾಗಿ ಸಂತೋಷವಾಯಿತು.

ಹಿಂಬದಿಯ ತಗಡು ಬಿಚ್ಚಿದಾಗ, ಟಬ್ಬಿನ ಕೆಳಭಾಗದಲ್ಲಿ ಹೀಟರಿನ ಎರಡು ಟರ್ಮಿನಲ್ಲುಗಳೂ ನಡುವೆ ಅರ್ಥ್ ತಂತಿಯೂ ಕಾಣಿಸಿದವು. ತಂತಿಗಳ ಫೋಟೋ ತೆಗೆದುಕೊಂಡು, ಎರಡನ್ನೂ ಕಿತ್ತು, ಮಲ್ಟಿಮೀಟರಿನಿಂದ ಟರ್ಮಿನಲ್ಲುಗಳ ನಡುವೆ ಅಳೆದರು: 27 ಓಮ್. ಇದು ಆರೋಗ್ಯವಂತ ಹೀಟರಿನ ಅಳತೆ. 230ರ ವರ್ಗವನ್ನು 27ರಿಂದ ಭಾಗಿಸಿದರೆ ಸುಮಾರು 1,960 ವ್ಯಾಟ್ ಬರುತ್ತದೆ, ಹೀಟರಿನ ಮೇಲೆ ಅಚ್ಚೊತ್ತಿದ್ದು 2,000. ಹೀಟರ್ ಸರಿಯಾಗಿದೆ ಎಂದು ಅವಸರದವರು ಇಲ್ಲಿಗೇ ತೀರ್ಮಾನಿಸಿ ಪಿಸಿಬಿಯ ಕಡೆ ತಿರುಗುತ್ತಾರೆ. ಇವರು ಮುಂದುವರಿದು ಒಂದು ಟರ್ಮಿನಲ್ಲಿನಿಂದ ಹೀಟರಿನ ಲೋಹದ ಮೈಗೆ ಅಳೆದರು. ಮಲ್ಟಿಮೀಟರ್ 20 ಲಕ್ಷ ಓಮಿಗೂ ಮೇಲೆ ತೋರಿಸಿತು. ಇದೂ ನೋಡಲು ಸರಿಯಾಗಿಯೇ ಇತ್ತು.

ಆಗ ಚೀಲದಿಂದ ಹೊರಬಂದದ್ದು ಮೆಗ್ಗರ್. ನನ್ನ ದೃಷ್ಟಿಯಲ್ಲಿ ಈ ಅಂಗಡಿಗೆ ನಾವು ಕೊಡುವ ಹಣದ ಬಹುಪಾಲು ಸಾರ್ಥಕವಾಗುವುದು ಆ ಒಂದು ಉಪಕರಣದಿಂದ ಮತ್ತು ಅದನ್ನು ಬಳಸಬೇಕೆಂಬ ತಿಳಿವಳಿಕೆಯಿಂದ. ಮಲ್ಟಿಮೀಟರ್ ತನ್ನೊಳಗಿನ ಸಣ್ಣ ಬ್ಯಾಟರಿಯ ಕೆಲವೇ ವೋಲ್ಟುಗಳಿಂದ ಅಳೆಯುತ್ತದೆ. ಅಷ್ಟು ಕಡಿಮೆ ಒತ್ತಡದಲ್ಲಿ ಹದಗೆಟ್ಟ ಇನ್ಸುಲೇಷನ್ (ಕರೆಂಟು ಹೊರಗೆ ಸೋರದಂತೆ ತಡೆಯುವ ಹೊದಿಕೆ) ಕೂಡ ಗಟ್ಟಿಯಾಗಿಯೇ ಕಾಣಬಹುದು. ಮೆಗ್ಗರ್ 500 ವೋಲ್ಟಿನ ಡಿಸಿ ಒತ್ತಡ ಹಾಕಿ ಪರೀಕ್ಷಿಸುತ್ತದೆ. ಗುಂಡಿ ಒತ್ತಿದ ಕೂಡಲೇ ಅಂಕಿ ಇಳಿಯುತ್ತಾ ಬಂದು 0.01 ಮೆಗಾಓಮಿನ ಬಳಿ ನಿಂತಿತು. ಅಂದರೆ ಬರೀ 10,000 ಓಮ್. ಇನ್ಸುಲೇಷನ್ ಕನಿಷ್ಠ 10 ಲಕ್ಷ ಓಮ್, ಅಂದರೆ 1 ಮೆಗಾಓಮ್ ಇರಬೇಕೆಂಬುದು ಸಾಮಾನ್ಯವಾಗಿ ಪಾಲಿಸುವ ಅಳತೆ. ಹಿರಿಯರು ಅಲ್ಲೇ ನೆಲದ ಮೇಲೆ ಕುಳಿತು ಹುಡುಗನಿಗೆ ಲೆಕ್ಕ ಹೇಳಿಕೊಟ್ಟರು: 230ನ್ನು 10,000ದಿಂದ ಭಾಗಿಸು, 23 ಮಿಲಿಆಂಪಿಯರ್ ಬರುತ್ತದೆ, ಆರ್‌ಸಿಸಿಬಿ ಬೀಳಲು ಅಷ್ಟು ಸಾಕು. ಹಾಗಾದರೆ ಪ್ಲಗ್ ಹಾಕಿದ ಕೂಡಲೇ ಯಾಕೆ ಬೀಳುತ್ತಿರಲಿಲ್ಲ ಎಂದು ಹುಡುಗ ಕೇಳಿದ. ಹೀಟರಿಗೆ ಫೇಸ್ ಹೋಗುವುದು ಬೋರ್ಡಿನ ರಿಲೇ, ಅಂದರೆ ಬೋರ್ಡೇ ಹಾಕಿ ಆರಿಸುವ ಸ್ವಿಚ್ಚಿನ ಮೂಲಕ. ರಿಲೇ ಮುಚ್ಚುವವರೆಗೆ, ಅಂದರೆ ಕರೆಂಟು ಬಿಡುವವರೆಗೆ, ಹೀಟರಿನಲ್ಲಿ ಇರುವುದು ನ್ಯೂಟ್ರಲ್ ಮಾತ್ರ, ಅದಕ್ಕೂ ಅರ್ಥಿಗೂ ನಡುವೆ ಇರುವ ಎರಡು ವೋಲ್ಟಿಗೆ ಸೋರಿಕೆ ಲೆಕ್ಕಕ್ಕೆ ಬರುವಷ್ಟಿರುವುದಿಲ್ಲ. ನೀರು ಸಾಕಷ್ಟು ತುಂಬಿದೆಯೆಂದು ಖಾತ್ರಿಯಾದ ಮೇಲಷ್ಟೇ ಬೋರ್ಡು ರಿಲೇಯನ್ನು ಮುಚ್ಚುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಕರೆಂಟು ಹೋಗುತ್ತಿದ್ದುದರ ಗುಟ್ಟು ಇದೇ.

ಇಷ್ಟಾದ ಮೇಲೂ ಇನ್ನೊಂದು ಪರೀಕ್ಷೆ ಉಳಿದಿತ್ತು. ಹೀಟರಿನಿಂದ ಕಿತ್ತ ತಂತಿಗಳ ತುದಿಗೆ ಟೇಪು ಸುತ್ತಿ ಭದ್ರಪಡಿಸಿ, ತಗಡು ಮುಚ್ಚಿ, 60 ಡಿಗ್ರಿಯ ಪ್ರೋಗ್ರಾಮಿನಲ್ಲಿ ಮೆಷಿನ್ ಓಡಿಸಿದರು. ಆರ್‌ಸಿಸಿಬಿ ಅಲುಗಲಿಲ್ಲ. ನೀರು ಬಿಸಿಯಾಗುತ್ತಿಲ್ಲವೆಂದು ಕೊನೆಗೆ ಬೋರ್ಡೇ ದೋಷದ ಸಂಕೇತ ತೋರಿಸಿ ನಿಂತಿತು. ಹೋಗಿದೆ ಎಂದು ಬರೆದುಕೊಟ್ಟಿದ್ದ ಪಿಸಿಬಿ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತಿತ್ತು. ಮೋಟರನ್ನೂ ಡ್ರೈನ್ ಪಂಪನ್ನೂ ಮೆಗ್ಗರಿನಿಂದ ನೋಡಿ, ಅವೆರಡೂ ಚೆನ್ನಾಗಿವೆಯೆಂದು ತಿಳಿದ ಮೇಲೆ ಹೀಟರಿನ ಬೆಲೆ ಹೇಳಿದರು.

ಹೊರತೆಗೆದ ಹೀಟರನ್ನು ನಮ್ಮ ಕೈಗೇ ಕೊಟ್ಟರು. ಬಾಗಿದ ಉಕ್ಕಿನ ಕೊಳವೆಯ ಸುತ್ತ ಬಿಸಿನೀರಿನ ಹಂಡೆಯ ತಳದಲ್ಲಿ ಕಟ್ಟುವ ಕಿಟ್ಟದಂತೆ ಬಿಳಿ ಬೂದು ಬಣ್ಣದ ಗಟ್ಟಿ ಪದರ ಕೂತಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಅದು ಚಕ್ಕೆಚಕ್ಕೆಯಾಗಿ ಉದುರಿತು, ಮತ್ತು ರಬ್ಬರಿನ ಬಿರಡೆಯಿಂದ ಎರಡು ಬೆರಳು ಆಚೆ ಕೊಳವೆಯ ಮೈಮೇಲೆ ಸಾಸಿವೆಕಾಳಿಗಿಂತ ಚಿಕ್ಕದಾದ ತುಕ್ಕಿನ ಚುಕ್ಕೆ ಕಾಣಿಸಿತು. ಅದರ ನಡುವೆ ಸೂಜಿ ಚುಚ್ಚಿದಷ್ಟು ತೂತು. ಈ ಕೊಳವೆಯೊಳಗೆ ನೈಕ್ರೋಮ್ ತಂತಿಯ ಸುರುಳಿ ಇರುತ್ತದೆ; ತಂತಿಗೂ ಕೊಳವೆಗೂ ನಡುವೆ ಮೆಗ್ನೀಸಿಯಂ ಆಕ್ಸೈಡಿನ ಬಿಳಿ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಆ ಪುಡಿ ಶಾಖವನ್ನು ಬಿಟ್ಟುಕೊಡುತ್ತದೆ, ವಿದ್ಯುತ್ತನ್ನು ಬಿಡುವುದಿಲ್ಲ, ಆದರೆ ಒಣಗಿರುವವರೆಗೆ ಮಾತ್ರ. ತೂತಿನಿಂದ ತೇವ ಒಳಸೇರಿತೆಂದರೆ ತಂತಿ ತುಂಡಾಗದೆ, ನೀರು ಎಂದಿನಂತೆ ಕಾಯುತ್ತಲೇ ಇದ್ದು, ಕರೆಂಟು ಮೆಲ್ಲಗೆ ಮೈಗೆ ಸೋರತೊಡಗುತ್ತದೆ. ಅರ್ಥಿಂಗ್ ಸರಿಯಿದ್ದು ಆರ್‌ಸಿಸಿಬಿ ಇದ್ದರೆ ಮನೆ ಕತ್ತಲಾಗುತ್ತದೆ, ಅಷ್ಟೆ. ಎರಡೂ ಇಲ್ಲದ ಮನೆಯಲ್ಲಿ ಆ ಕರೆಂಟು ಮೆಷಿನ್ನನ್ನು ಮುಟ್ಟುವ ಕೈಗಾಗಿ ಕಾದಿರುತ್ತದೆ.

ಹೊಸ ಹೀಟರನ್ನು ಎಸ್.ಪಿ. ರಸ್ತೆಯ ಕಡೆಯಿಂದ ತರಿಸಿದರು. ಅದೇ ವ್ಯಾಟ್, ಅದೇ ಉದ್ದ, ಉಷ್ಣತೆಯ ಸೆನ್ಸರ್ ಕೂರುವ ತೂತು ಅದೇ ಜಾಗದಲ್ಲಿದೆಯೇ ಎಂದು ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಿದರು. ಕೂರಿಸುವುದರಲ್ಲಿ ಒಂದು ಸೂಕ್ಷ್ಮವಿದೆ: ಟಬ್ಬಿನೊಳಗೆ ಕಣ್ಣಿಗೆ ಕಾಣದ ಜಾಗದಲ್ಲಿ ಒಂದು ಲೋಹದ ಹಿಡಿಕೆಯಿದ್ದು, ಹೀಟರಿನ ತುದಿ ಅದರೊಳಕ್ಕೇ ಹೋಗಬೇಕು, ತಪ್ಪಿದರೆ ತಿರುಗುವ ಡ್ರಮ್ಮು ಹೀಟರಿಗೆ ತಾಗುತ್ತದೆ. ರಬ್ಬರಿಗೆ ಸೋಪಿನ ನೀರು ಸವರಿ ಒಳಗೆ ತಳ್ಳಿ, ನಟ್ ಬಿಗಿದು, ಡ್ರಮ್ಮನ್ನು ಕೈಯಿಂದ ತಿರುಗಿಸಿ ಕಿವಿಗೊಟ್ಟು ಕೇಳಿದರು. ಅರ್ಥ್ ತಂತಿಯನ್ನು ಮರೆಯದೆ ಸೇರಿಸಿ ಅದನ್ನು ಎಳೆದು ನೋಡಿದರು. ಮತ್ತೆ ಮೆಗ್ಗರ್ ಹಿಡಿದಾಗ ಅಂಕಿ ಉಪಕರಣದ ಮಿತಿಯನ್ನೇ ದಾಟಿತು. ಕೊನೆಗೆ ಬಿಸಿನೀರಿನ ಪ್ರೋಗ್ರಾಮ್ ಓಡಿಸಿ, ಕ್ಲ್ಯಾಂಪ್ ಮೀಟರಿನಲ್ಲಿ ಹೀಟರ್ ಎಂಟೂವರೆ ಆಂಪಿಯರಿನಷ್ಟು ಎಳೆಯುತ್ತಿರುವುದನ್ನೂ, ಬಾಗಿಲಿನ ಗಾಜು ಬೆಚ್ಚಗಾಗುವುದನ್ನೂ, ಕೆಳಗೆಲ್ಲೂ ನೀರು ಒಸರದಿರುವುದನ್ನೂ ನೋಡಿಯೇ ಹೊರಟರು.

ಇದು ಮರುಕಳಿಸದಂತೆ ಏನು ಮಾಡಬೇಕೆಂದು ಕೇಳಿದಾಗ ಅವರು ಯಾವ ಪುಡಿಯನ್ನೂ ಮಾರಲು ಬರಲಿಲ್ಲ. ನಮ್ಮ ಬಡಾವಣೆಗೆ ಕಾವೇರಿ ನೀರು ಬಂದಿಲ್ಲ. ಬೋರ್‌ವೆಲ್, ಅದು ಸಾಲದಾದಾಗ ಟ್ಯಾಂಕರ್. ಈ ನೀರು ಗಡಸು. ಗಡಸು ನೀರು ಕಾದಂತೆಲ್ಲ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು, ಕರಗದ ಕಾರ್ಬೊನೇಟಾಗಿ ಅತಿ ಬಿಸಿಯಾದ ಜಾಗಕ್ಕೆ, ಅಂದರೆ ಹೀಟರಿನ ಮೈಗೆ ಅಂಟಿಕೊಳ್ಳುತ್ತದೆ. ಆ ಪದರದಿಂದಾಗಿ ಶಾಖ ನೀರಿಗೆ ಹೋಗಲಾರದೆ ಕೊಳವೆಯೇ ಹೆಚ್ಚು ಕಾಯುತ್ತದೆ. ಆದ್ದರಿಂದ ಅಗತ್ಯವಿಲ್ಲದೆ 60, 90 ಡಿಗ್ರಿ ಇಡಬೇಡಿ, ದಿನನಿತ್ಯದ ಬಟ್ಟೆಗೆ ತಣ್ಣೀರೋ 40 ಡಿಗ್ರಿಯೋ ಸಾಕು, ಆಗಾಗ ಬಟ್ಟೆ ಹಾಕದೆ ನಿಂಬೆ ಉಪ್ಪಿನಿಂದ (ಸಿಟ್ರಿಕ್ ಆಮ್ಲ) ಒಮ್ಮೆ ಬಿಸಿಯಾಗಿ ಓಡಿಸಿ ಎಂಬುದು ಅವರ ಸಲಹೆ.

ಅವರ ಪ್ರಾಮಾಣಿಕತೆಗೆ ಇನ್ನೊಂದು ನಿದರ್ಶನ ನಮ್ಮ ಬೀದಿಯಲ್ಲೇ ಇದೆ. ಬಾಡಿಗೆಗಿರುವ ಒಂದು ಕುಟುಂಬದವರು ತಮ್ಮ ಹೊಸ ಮೆಷಿನ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಂದು ಇವರನ್ನು ಕರೆದಿದ್ದರು. ಮೆಷಿನ್ನಿನ ಇನ್ಸುಲೇಷನ್ ಪೂರ್ತಿ ಸರಿಯಿತ್ತು. ಸಾಕೆಟ್ಟಿನ ಅರ್ಥ್ ತೂತಿಗೆ ತಂತಿಯೇ ಇರಲಿಲ್ಲ. ಮೆಷಿನ್ನಿಗೆ ಕರೆಂಟು ಒಳಬರುವಲ್ಲಿ ವಿದ್ಯುತ್ತಿನ ಅಡಚಣೆಯನ್ನು ತಡೆಯುವ ಫಿಲ್ಟರ್ ಇದ್ದು, ಅದರ ಸಣ್ಣ ಕೆಪಾಸಿಟರುಗಳು ಫೇಸಿನಿಂದಲೂ ನ್ಯೂಟ್ರಲಿನಿಂದಲೂ ಲೋಹದ ಮೈಗೆ ಸೇರಿರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಮೈ ಸುಮಾರು ಅರ್ಧ ವೋಲ್ಟೇಜಿಗೆ, ಅಂದರೆ 115ರ ಆಸುಪಾಸಿಗೆ ತೇಲುತ್ತದೆ. ಟೆಸ್ಟರ್ ಇಟ್ಟರೆ ದೀಪವೂ ಉರಿಯುತ್ತದೆ. ಹರಿಯುವ ಕರೆಂಟು ಅತಿ ಕಡಿಮೆಯಾದ್ದರಿಂದ ಜುಮ್ಮೆನ್ನುತ್ತದೆಯೇ ಹೊರತು ಅಷ್ಟರಿಂದಲೇ ಪ್ರಾಣಾಪಾಯವಿಲ್ಲ. ಆದರೆ ಅದೇ ಮನೆಯಲ್ಲಿ ನಾಳೆ ಹೀಟರ್ ತೂತಾದರೆ ಸೋರಿದ ಕರೆಂಟಿಗೆ ಮುಟ್ಟಿದವರ ಮೈಯೇ ದಾರಿಯಾಗುತ್ತದೆ. ಇವರು ಮೆಷಿನ್ನಿಗೆ ಕೈಹಾಕದೆ, ಬಂದುಹೋದ ಹಣವನ್ನಷ್ಟೇ ಪಡೆದು, ಮನೆ ಮಾಲೀಕರಿಗೆ ಅರ್ಥಿಂಗ್ ಮಾಡಿಸಲು ಹೇಳಿ ಎಂದು ಹೊರಟುಬಂದರಂತೆ.

ನಮ್ಮ ಬಿಲ್ಲು ಹೀಗಿತ್ತು: ಹೀಟರ್ ₹1,350, ಕೂಲಿ ₹500, ಮನೆಗೆ ಬಂದು ನೋಡಿದ್ದಕ್ಕೆಂದು ಮೊದಲು ಪಡೆದ ₹250ನ್ನು ಕೂಲಿಯಲ್ಲೇ ಹಿಡಿದುಕೊಂಡರು. ಬರೆದುಕೊಟ್ಟಿದ್ದ ಪಿಸಿಬಿಯ ಬೆಲೆಯ ಕಾಲು ಭಾಗಕ್ಕಿಂತ ಕಡಿಮೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಆ ಪಿಸಿಬಿಯನ್ನು ಹಾಕಿಸಿದ್ದರೂ ಹೊಸ ರಿಲೇ ಮುಚ್ಚಿದ ಕೂಡಲೇ ಮನೆ ಮತ್ತೆ ಕತ್ತಲಾಗುತ್ತಿತ್ತು.

ಕೊರತೆಗಳನ್ನೂ ಹೇಳಬೇಕು. ಬಿಲ್ಲು ಕೈಬರಹದ ಚೀಟಿ. ಮೂರು ತಿಂಗಳ ಗ್ಯಾರಂಟಿಯನ್ನು ಅದರ ಹಿಂದೆ ಬರೆದು ಸಹಿ ಹಾಕಿಕೊಡುತ್ತಾರೆ, ಬಿಡಿಭಾಗದ ತಯಾರಕರ ಹೆಸರು ಅದರಲ್ಲಿರುವುದಿಲ್ಲ. ಕಂಪನಿಯ ಮೂಲ ಬಿಡಿಭಾಗವೇ ಬೇಕೆಂದರೆ ಇವರಿಂದ ಆಗುವುದಿಲ್ಲ. ಮನೆಯ ಅರ್ಥ್ ತಂತಿ ನೆಲ ಸೇರುವ ಗುಂಡಿಯ ಪ್ರತಿರೋಧ ಅಳೆಯುವ ಉಪಕರಣ ಇವರ ಬಳಿ ಇಲ್ಲ. ಸಾಕೆಟ್ಟಿನಲ್ಲಿ 226 ವೋಲ್ಟ್ ಕಂಡಿತೆಂಬುದು ಅರ್ಥಿಂಗ್ ಗಟ್ಟಿಯಾಗಿದೆ ಎಂಬುದಕ್ಕೆ ಪೂರ್ಣ ಪುರಾವೆಯಲ್ಲ, ಏಕೆಂದರೆ ಮೀಟರ್ ಎಳೆಯುವ ಕರೆಂಟು ಅತ್ಯಲ್ಪ. ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯೂ ಆ ಸಾಧನ ಬೀಳುತ್ತದೆಯೇ ಎಂಬುದನ್ನಷ್ಟೇ ತೋರಿಸುತ್ತದೆ, ನೆಲದೊಳಗಿನ ಗುಂಡಿಯ ಸ್ಥಿತಿಯನ್ನಲ್ಲ. ಆ ಗುಂಡಿಯ ಅಳತೆಯನ್ನು ನಾವು ಬೇರೆ ಲೈಸೆನ್ಸುಳ್ಳ ಎಲೆಕ್ಟ್ರಿಷಿಯನ್‌ರಿಂದ ಮಾಡಿಸಬೇಕಾಯಿತು. ಹೇಳಿದ ಹೊತ್ತಿಗೆ ಬರುವುದರಲ್ಲೂ ಇವರು ಅಷ್ಟು ಕಟ್ಟುನಿಟ್ಟಲ್ಲ. ಬೆಳಿಗ್ಗೆ ಎಂದದ್ದು ಸಂಜೆಯಾದದ್ದುಂಟು. ಇನ್ವರ್ಟರ್ ಮೋಟರಿನ ಬೋರ್ಡುಗಳನ್ನು ತಾವು ಬಿಚ್ಚದೆ ನಗರದ ಬೋರ್ಡ್ ರಿಪೇರಿಯವರಿಗೆ ಕಳಿಸುತ್ತಾರೆ, ಅದಕ್ಕೆ ವಾರವಾದರೂ ಹಿಡಿಯುತ್ತದೆ. ತಮಗೆ ಬಾರದ ಕೆಲಸವನ್ನು ಬರುವುದಿಲ್ಲವೆಂದು ಒಪ್ಪುವುದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ, ಆದರೆ ಅವಸರದಲ್ಲಿರುವವರಿಗೆ ತಿಳಿದಿರಲಿ.

ವಾರಂಟಿಯೊಳಗಿನ ಮೆಷಿನ್ನನ್ನು ಇವರಿಂದ ಬಿಚ್ಚಿಸಬೇಡಿ. ಹೊರಗಿನವರು ಕೈಹಾಕಿದರೆ ಕಂಪನಿಯವರು ವಾರಂಟಿಯನ್ನು ನಿರಾಕರಿಸಬಹುದು. ಜಾಹೀರಾತಿನ ಹತ್ತು ವರ್ಷದ ವಾರಂಟಿ ಸಾಮಾನ್ಯವಾಗಿ ಮೋಟರಿಗೆ ಮಾತ್ರ, ಹೀಟರಿಗೂ ಪಿಸಿಬಿಗೂ ಅಲ್ಲ ಎಂಬುದನ್ನು ಕಾರ್ಡಿನಲ್ಲಿ ಓದಿಕೊಂಡು ಮುಂದುವರಿಯಿರಿ. ಅಧಿಕೃತ ಕೇಂದ್ರದವರು ಅಳೆಯದೆ ಬೆಲೆ ಹೇಳಿದರೆ ಅಳತೆ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ಮಾತಿಗೆ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಈ ಅಂಗಡಿಯವರಿಗಾಗಲಿ, ನಿಮ್ಮೂರಿನ ಇನ್ನಾವುದೇ ದುರಸ್ತಿಯವರಿಗಾಗಲಿ ಫೋನ್ ಮಾಡುವ ಮೊದಲು ಬಾಗಿಲಿನ ಒಳಬಳೆಯ ಮೇಲಿರುವ ಮಾದರಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಬೀಳುತ್ತಿರುವುದು ಯಾವ ಸ್ವಿಚ್ಚು, ಪ್ರೋಗ್ರಾಮಿನ ಯಾವ ಹಂತದಲ್ಲಿ ಎಂಬುದನ್ನು ನೋಡಿಕೊಳ್ಳಿ, ಮತ್ತು ಬರುವಾಗ ಮೆಗ್ಗರ್ ತರುತ್ತೀರಾ ಎಂದು ಕೇಳಿ. ದುರಸ್ತಿಯಾಗುವವರೆಗೆ ಮೆಷಿನ್ನಿನ ಪ್ಲಗ್ ಸಾಕೆಟ್ಟಿನ ಹೊರಗೇ ಇರಲಿ.